ಕ್ಯಾಸೆಟ್ಟಿನಲ್ಲಿ ಇಲ್ಲದ ಕೋರಸ್

1995ರಲ್ಲಿ ನಾನು ದಾವಣಗೆರೆಯ ಹಾಸ್ಟೆಲಿನಲ್ಲಿದ್ದೆ. ಪಕ್ಕದ ರೂಮಿನ ಸೀನಿಯರ್ ಒಬ್ಬರು ನನಗೊಂದು ಕ್ಯಾಸೆಟ್ ಮಾಡಿಕೊಟ್ಟರು. 60 ನಿಮಿಷದ ಖಾಲಿ ಕ್ಯಾಸೆಟ್, ಒಂದೊಂದು ಬದಿಗೆ ಅರ್ಧ ಗಂಟೆ. ಡಬಲ್ ಡೆಕ್ ಟೇಪ್ ರೆಕಾರ್ಡರಿನಲ್ಲಿ ತಮಗೆ ಇಷ್ಟವಾದ ಇಂಗ್ಲಿಷ್ ಹಾಡುಗಳನ್ನು ಒಂದೊಂದಾಗಿ ತುಂಬಿಸಿದ್ದರು. ಒಳಗಿನ ಕಾರ್ಡಿನ ಮೇಲೆ ನೀಲಿ ಪೆನ್ನಿನಲ್ಲಿ, ಚಿಕ್ಕ ಅಕ್ಷರದಲ್ಲಿ ಹಾಡುಗಳ ಹೆಸರು. ಎ ಸೈಡಿನ ಕೊನೆಯ ಹಾಡು ಜರ್ನಿ ಅನ್ನೋ ಅಮೆರಿಕದ ಬ್ಯಾಂಡಿನ 'ಡೋಂಟ್ ಸ್ಟಾಪ್ ಬಿಲೀವಿನ್'. 1981ರ ಹಾಡು. ಪಿಯಾನೊದಲ್ಲಿ ಶುರುವಾಗುತ್ತದೆ. ಸಣ್ಣ ಊರಿನ ಒಬ್ಬ ಹುಡುಗಿ, ನಗರದ ಒಬ್ಬ ಹುಡುಗ. ಇಬ್ಬರೂ ನಡುರಾತ್ರಿಯ ರೈಲು ಹತ್ತಿ ಎಲ್ಲಿಗೋ ಹೊರಡುತ್ತಾರೆ. ಆಮೇಲೆ ರಾತ್ರಿಯ ಬೀದಿ, ಬೀದಿ ದೀಪ, ಯಾರಿಗೋ ಕಾಯುತ್ತ ಅಲೆಯುವ ಜನ. ಕೊನೆಗೆ ಗಿಟಾರ್ ಬರುತ್ತದೆ. ಗಿಟಾರ್ ಒಂದೆರಡು ಸಾಲು ನುಡಿಸುವಷ್ಟರಲ್ಲಿ 'ಟಕ್'. ಟೇಪ್ ಮುಗಿದು ಬಟನ್ ಮೇಲೆ ಬರುತ್ತಿತ್ತು.

ನಾಲ್ಕು ವರ್ಷ ಆ ಹಾಡನ್ನು ನಾನು ಹಾಗೇ ಕೇಳಿದೆ. ಅಲ್ಲಿಗೆ ಹಾಡು ಬಹುಪಾಲು ಮುಗಿದಿರುತ್ತದೆ, ಗಿಟಾರ್ ಸ್ವಲ್ಪ ಹೊತ್ತು ನುಡಿದು ನಿಧಾನಕ್ಕೆ ಮರೆಯಾಗುತ್ತದೆ ಎಂದುಕೊಂಡಿದ್ದೆ. ಕಾರ್ಡಿನಲ್ಲಿ ಬರೆದ ಹೆಸರು ಹಾಡಿನೊಳಗೆ ಎಲ್ಲೂ ಬರುವುದಿಲ್ಲವಲ್ಲ ಅಂತ ಒಂದೆರಡು ಸಲ ಅನಿಸಿದ್ದು ನಿಜ. ಆದರೆ ಅದೇ ಕ್ಯಾಸೆಟ್ಟಿನಲ್ಲಿ ದ ಹೂ ಬ್ಯಾಂಡಿನ 'ಬಾಬಾ ಓ'ರೈಲಿ' ಇತ್ತು. ಅದರ ಹೆಸರೂ ಹಾಡಿನಲ್ಲಿ ಬರುವುದಿಲ್ಲ. ಹಾಗಾಗಿ ಅನುಮಾನ ಬರಲಿಲ್ಲ.

ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದ ಮೇಲೆ, ಗೆಳೆಯನ ರೂಮಿನಲ್ಲಿ ಒಂದು ಸಂಜೆ ಆ ಹಾಡು ಸಿಡಿಯಲ್ಲಿ ಬಂತು. ನಾನು ಅಕ್ಕಿ ತೊಳೆಯುತ್ತಿದ್ದೆ. ಗಿಟಾರ್ ಶುರುವಾಯಿತು. ನನ್ನ ಲೆಕ್ಕದಲ್ಲಿ ಹಾಡು ಮುಗಿಯಿತು. ಆದರೆ ಗಿಟಾರ್ ನಿಲ್ಲಲಿಲ್ಲ. ಅದು ಮುಗಿಯುತ್ತಿದ್ದ ಹಾಗೆ ಹಾಡುಗಾರ ಸ್ಟೀವ್ ಪೆರಿಯ ದನಿ ಎತ್ತರಕ್ಕೆ ಹೋಗಿ, ನಾನು ನಾಲ್ಕು ವರ್ಷ ಬರೀ ಕಾರ್ಡಿನ ಮೇಲೆ ಓದಿದ್ದ ಆ ಮೂರು ಪದಗಳನ್ನು ಹಾಡಿಬಿಟ್ಟಿತು. ಕೈಯಲ್ಲಿ ಪಾತ್ರೆ ಹಿಡಿದು ಸುಮ್ನೆ ನಿಂತಿದ್ದೆ. ಗಂಟಲು ಕಟ್ಟಿತ್ತು. ಆ ಹಾಡಿಗೆ ಕೋರಸ್, ಅಂದರೆ ನಮ್ಮ ಪಲ್ಲವಿಯಂಥ ಭಾಗ, ಇತ್ತು. ಅದು ಇದ್ದದ್ದು ಕೊನೆಯ 50 ಸೆಕೆಂಡಿನಲ್ಲಿ.

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಾಲ್ಕು ವರ್ಷ ಕೇಳಿದ ಆ ಅರ್ಧ ಹಾಡು ನನಗೆ ಕೊರತೆ ಅನಿಸಿರಲಿಲ್ಲ. ತುಂಬ ಇಷ್ಟಪಟ್ಟೇ ಕೇಳಿದ್ದೆ. ಹಾಗಿದ್ದರೆ ಕೋರಸ್ ಬಂದ ಕ್ಷಣಕ್ಕೆ ನನಗೆ ಆದದ್ದೇನು? ಹಾಡಿನಲ್ಲಿ ಕೋರಸ್ ಮಾಡುವ ಕೆಲಸ ಏನು?

ಪಲ್ಲವಿ ಎಲ್ಲರದ್ದು

ನಾನು ಹಾಡು ಅಂತ ಮೊದಲು ಕಂಡದ್ದು ಭಜನೆಯಲ್ಲಿ. ನಮ್ಮೂರು ಕಡೂರಿನ ಹತ್ತಿರ. ಶನಿವಾರ ರಾತ್ರಿ ಆಂಜನೇಯನ ಗುಡಿಯಲ್ಲಿ ಭಜನೆ ಇರುತ್ತಿತ್ತು. ದೊಡ್ಡಪ್ಪ ಹಾರ್ಮೋನಿಯಂ ಹಿಡಿದು ಹಾಡು ಎತ್ತಿಕೊಡುತ್ತಿದ್ದರು. ಕಂಬದ ಪಕ್ಕ ಒಬ್ಬ ಅಜ್ಜ ಕೂರುತ್ತಿದ್ದರು. ಹಗಲೆಲ್ಲ ತೆಂಗಿನ ತೋಟದಲ್ಲಿ ದುಡಿದು, ಸ್ನಾನ ಮಾಡಿ, ಒದ್ದೆ ತಲೆಯಲ್ಲೇ ಬಂದು ಕೂತುಬಿಡುತ್ತಿದ್ದರು. ಅವರ ಕೈಯಲ್ಲಿ ತಾಳ. ದೊಡ್ಡಪ್ಪ ಚರಣ ಹಾಡುವಾಗ ಅಜ್ಜನ ಬಾಯಿ ಮುಚ್ಚಿರುತ್ತಿತ್ತು, ಕಣ್ಣೂ ಮುಚ್ಚಿರುತ್ತಿತ್ತು. ತಾಳ ಮಾತ್ರ ನಡೆಯುತ್ತಿತ್ತು. ಚರಣ ಮುಗಿದು ಪಲ್ಲವಿ ಬಂತೋ, ಇಡೀ ಗುಡಿಯಲ್ಲಿ ಅವರದ್ದೇ ದನಿ. ಅಷ್ಟು ಸಣ್ಣ ಮೈಯಿಂದ ಅಷ್ಟು ದೊಡ್ಡ ದನಿ ಹೇಗೆ ಬರುತ್ತದೆ ಅಂತ ನಾನು ಬೆರಗಾಗಿ ನೋಡುತ್ತಿದ್ದೆ. ಒಂದು ದಿನ ಮನೆಗೆ ನಡೆದು ಬರುವಾಗ ಕೇಳಿದೆ, "ದೊಡ್ಡಪ್ಪ, ಆ ಅಜ್ಜ ಮಧ್ಯದಲ್ಲಿ ಯಾಕೆ ಹಾಡಲ್ಲ?" ದೊಡ್ಡಪ್ಪ ಲಾಟೀನು ಸರಿಮಾಡುತ್ತ ಹೇಳಿದರು, "ಚರಣ ಬಾಯಿಗೆ ಬರೋರು ಹಾಡ್ತಾರೆ ಮಗಾ. ಪಲ್ಲವಿ ಎಲ್ಲರದ್ದು."

ಪಲ್ಲವಿಯಿಂದ ಶುರು, ಚರಣಕ್ಕೆ ಹೋಗಿ ಬಾ, ಮತ್ತೆ ಪಲ್ಲವಿ. ದಾಸರ ಪದ, ಭಾವಗೀತೆ, ಸಿನಿಮಾ ಹಾಡು, ಎಲ್ಲದರಲ್ಲೂ ನನಗೆ ಗೊತ್ತಿದ್ದ ದಾರಿ ಇದೇ. ಮನೆಯಿಂದ ಹೊರಟು ಮನೆಗೆ ಬರುವುದು. ಹೊರಡುವಾಗಲೇ ಮನೆ ಎಲ್ಲಿದೆ ಅಂತ ಗೊತ್ತಿರುತ್ತದೆ. 'ಭಾಗ್ಯದ ಲಕ್ಷ್ಮಿ ಬಾರಮ್ಮ' ಅಂತ ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇವೆ. ಆಮೇಲೆ ಹೇಗೆ ಬರಬೇಕು ಅಂತ ಒಂದೊಂದು ಚರಣ. ಈ ಪದದಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಅದರ ಹೆಣಿಗೆ. ಚರಣದ ಕೊನೆ 'ಮಜ್ಜಿಗೆಯೊಳಗಿನ ಬೆಣ್ಣೆಯಂತೆ' ಅಂತ ಬಂದು ನಿಲ್ಲುತ್ತದೆ. ವಾಕ್ಯ ಅಲ್ಲಿಗೆ ಮುಗಿದಿಲ್ಲ. ಬೆಣ್ಣೆಯಂತೆ ಏನು? ಪಲ್ಲವಿಗೆ ಹೋದರೇ ವಾಕ್ಯ ಪೂರ್ತಿ ಆಗುವುದು. ಹಾಡುವವರು ಅರ್ಧ ಹೇಳಿ ಬಿಟ್ಟದ್ದನ್ನು ಕೂತವರೆಲ್ಲ ಸೇರಿ ಮುಗಿಸುತ್ತಾರೆ.

ಇಲ್ಲಿ ಒಂದು ಮಾತು. ನಮ್ಮ ಸಿನಿಮಾ ಹಾಡಿನ ಲೋಕದಲ್ಲಿ 'ಕೋರಸ್' ಅಂದರೆ ಹಿಂದೆ ನಿಂತು ಗುಂಪಾಗಿ ಹಾಡುವವರು. ರಾಕ್ ಹಾಡಿನಲ್ಲಿ ಅದು ಹಾಡಿನ ಒಂದು ಭಾಗದ ಹೆಸರು, ಮತ್ತೆ ಮತ್ತೆ ಬರುವ, ಅದೇ ಮಾತು ಅದೇ ಧಾಟಿಯ ಭಾಗ. ಹಳೆಯ ಹಾಡುಗಳಲ್ಲಿ ಆ ಭಾಗ ಬಂದಾಗ ಗುಂಪು ದನಿ ಸೇರಿಸುತ್ತಿದ್ದರಿಂದಲೇ ಆ ಹೆಸರು ಅಂಟಿಕೊಂಡದ್ದು. ಎರಡು ಅರ್ಥಕ್ಕೂ ಬೇರು ಒಂದೇ, ಅದು ದೊಡ್ಡಪ್ಪ ಹೇಳಿದ ಮಾತಿನಲ್ಲೇ ಇದೆ.

ಆದರೆ ರಾಕ್ ಹಾಡಿನಲ್ಲಿ ಸಾಮಾನ್ಯವಾಗಿ ಕೋರಸ್ ಮೊದಲು ಬರುವುದಿಲ್ಲ. ಮೊದಲು ವರ್ಸ್, ಅಂದರೆ ನಮ್ಮ ಚರಣದಂಥ ಭಾಗ. ಕಥೆ ಶುರುವಾಗಬೇಕು, ಒಂದು ಜಾಗ ಕಾಣಬೇಕು, ಯಾರೋ ಒಬ್ಬರು ಏನೋ ಕಷ್ಟದಲ್ಲಿರಬೇಕು. ಆಮೇಲೆ ಕೋರಸ್. ಮನೆ ಎಲ್ಲಿದೆ ಅಂತ ಗೊತ್ತಿಲ್ಲದೆ ಹೊರಟು, ನಡೆದು ನಡೆದು ಅದನ್ನು ತಲುಪಬೇಕು. ಪಲ್ಲವಿ ಕೇಳಿ ಬೆಳೆದ ಕಿವಿಗೆ ಇದು ಹೊಸದು. ಹಾಸ್ಟೆಲಿನ ಮೊದಲ ತಿಂಗಳುಗಳಲ್ಲಿ ಈ ಹಾಡುಗಳು ನನಗೆ ದಾರಿ ತಪ್ಪಿಸಿದ್ದು ಇದೇ ಕಾರಣಕ್ಕೆ. ಮೊದಲ ಸಾಲನ್ನೇ ಪಲ್ಲವಿ ಅಂದುಕೊಂಡು ಅದು ಮತ್ತೆ ಬರಲಿ ಅಂತ ಕಾಯುತ್ತಿದ್ದೆ. ಬರುತ್ತಿರಲಿಲ್ಲ.

ಕರೆಂಟ್ ಹೋದ ರಾತ್ರಿ

ಎಲ್ಲ ರಾಕ್ ಹಾಡಿಗೂ ಮೊದಲಿನಿಂದ ಕೋರಸ್ ಇತ್ತು ಅಂತೇನಿಲ್ಲ. ರಾಕ್ ಹುಟ್ಟಿದ್ದೇ ಬ್ಲೂಸ್‌ನಿಂದ, ಅಂದರೆ ಅಮೆರಿಕದ ಕಪ್ಪು ಜನರ ಹಾಡಿನಿಂದ. ಬ್ಲೂಸ್‌ನ 12 ಬಾರ್‌ಗಳ (ತಾಳದ ಆವರ್ತಗಳ) ಸುತ್ತಿನಲ್ಲಿ ಒಂದು ಸಾಲನ್ನು ಎರಡು ಸಲ ಹೇಳಿ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುತ್ತಾರೆ. ಅದೇ ಸುತ್ತು ಮತ್ತೆ ಮತ್ತೆ. ಇನ್ನೊಂದು ಕಡೆ ಅಮೆರಿಕದ ಹಳೆಯ ಜನಪ್ರಿಯ ಗೀತೆಗಳ ಅಚ್ಚು. ಒಂದು ಧಾಟಿ ಎರಡು ಸಲ, ನಡುವೆ ಬೇರೆ ಧಾಟಿ, ಮತ್ತೆ ಮೊದಲಿನದು. ಇಂಗ್ಲೆಂಡಿನ ಬೀಟಲ್ಸ್ ಬ್ಯಾಂಡಿನ ಶುರುವಿನ ಎಷ್ಟೋ ಹಾಡುಗಳು ಈ ಅಚ್ಚಿನವೇ. 1965ರ 'ಯೆಸ್ಟರ್ಡೇ' ಹಾಗೇ ಇದೆ, ಅದರಲ್ಲಿ ಕೋರಸ್ ಅನ್ನೋದೇ ಇಲ್ಲ. ನಡುವಿನ ಆ ಬೇರೆ ಧಾಟಿಗೆ ಅವರು 'ಮಿಡಲ್ ಎಯ್ಟ್' ಅನ್ನುತ್ತಿದ್ದರು. 1964ರಲ್ಲಿ 'ಕಾಂಟ್ ಬೈ ಮಿ ಲವ್' ಮಾಡುವಾಗ ಅವರ ನಿರ್ಮಾಪಕ ಜಾರ್ಜ್ ಮಾರ್ಟಿನ್, ಕೋರಸ್‌ನಿಂದಲೇ ಹಾಡು ಶುರು ಮಾಡಿ ಅಂತ ಸಲಹೆ ಕೊಟ್ಟರು. ಮುನ್ನುಡಿ ಇಲ್ಲ, ಕಥೆ ಇಲ್ಲ, ಮೊದಲ ಉಸಿರಿಗೇ ಹಾಡಿನ ಹೆಸರು. ಪಲ್ಲವಿ ಮೊದಲು ಬಂದ ಹಾಗೆ. ಅದು ನನಗೆ ತಕ್ಷಣ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ನಾನು ಹೇಳಬೇಕಾದ್ದು ಬೀಟಲ್ಸ್ ಅವರದೇ 'ಹೇ ಜೂಡ್' ಬಗ್ಗೆ. ಮಾರ್ಚ್ ತಿಂಗಳ ಒಂದು ರಾತ್ರಿ ಹಾಸ್ಟೆಲಿನಲ್ಲಿ ಕರೆಂಟ್ ಹೋಗಿತ್ತು. ದಾವಣಗೆರೆಯ ಬೇಸಿಗೆ ಗೊತ್ತಿದ್ದವರಿಗೆ ಹೇಳಬೇಕಿಲ್ಲ. ರೂಮಿನಲ್ಲಿ ಮಲಗೋಕೆ ಆಗದೆ ಎಲ್ಲರೂ ಚಾಪೆ ತಗೊಂಡು ತಾರಸಿಗೆ ಹೋದೆವು. ಕ್ಯಾಸೆಟ್ ಮಾಡಿಕೊಟ್ಟ ಆ ಸೀನಿಯರ್ ಹತ್ತಿರ ಒಂದು ಗಿಟಾರ್ ಇತ್ತು. ಒಂದು ತಂತಿ ಇಲ್ಲದ ಗಿಟಾರ್. ಅವರು ನೀರಿನ ಟ್ಯಾಂಕಿಗೆ ಒರಗಿ ಕೂತು 'ಹೇ ಜೂಡ್' ಹಾಡಿದರು. ಹಾಡು ಗೊತ್ತಿದ್ದವರು ಮೂರೋ ನಾಲ್ಕೋ ಜನ, ಬೆಂಗಳೂರು ಮೈಸೂರಿನ ಕಡೆಯ ಹುಡುಗರು. ಉಳಿದ ನಾವೆಲ್ಲ ಕನ್ನಡ ಮೀಡಿಯಂ. ಹಾವೇರಿ, ಬಳ್ಳಾರಿ, ಚಿತ್ರದುರ್ಗದ ಕಡೆಯವರು. ತರಗತಿಯಲ್ಲಿ ಇಂಗ್ಲಿಷ್ ಪಾಠ ಅರ್ಥವಾಗದೆ ದಿನವೂ ತಲೆ ತಗ್ಗಿಸಿ ಕೂರುತ್ತಿದ್ದವರು. ಹಾಡು ನಡೆಯುತ್ತಿತ್ತು, ನಾವು ನಕ್ಷತ್ರ ನೋಡುತ್ತಿದ್ದೆವು. ಚೆನ್ನಾಗಿತ್ತು, ಆದರೆ ಅದು ಅವರ ಹಾಡಾಗಿತ್ತು.

ಆಮೇಲೆ ಆ 'ನ ನ ನ' ಬಂತು. ಮೊದಲ ಸಲ ನಾಲ್ಕು ಜನ ಹಾಡಿದರು. ಎರಡನೆಯ ಸಲಕ್ಕೆ ಹತ್ತು ಜನ. ನಾನು ಯಾವ ಸುತ್ತಿಗೆ ಸೇರಿಕೊಂಡೆ ಅಂತ ನೆನಪಿಲ್ಲ, ಸೇರಿಕೊಂಡಿದ್ದು ಗೊತ್ತೇ ಆಗಲಿಲ್ಲ. ಅದರಲ್ಲಿ ಅರ್ಥವಾಗದ್ದು ಏನೂ ಇಲ್ಲ. 'ನ' ನಮಗೂ ಗೊತ್ತಿತ್ತು. ಕೆಳಗೆ ಮೆಸ್ಸಿನ ಮುಂದೆ ಗಾಳಿಗೆ ಕೂತಿದ್ದ ಅಡುಗೆಯವರು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತರು. ಅವರೂ ಚಪ್ಪಾಳೆ ಹಾಕಿದರು. ಎಷ್ಟು ಹೊತ್ತು ಹಾಡಿದೆವೋ. ಕರೆಂಟ್ ಬಂತು, ಕೆಳಗಿನ ರೂಮುಗಳ ದೀಪ ಹತ್ತಿತು, ಯಾರೂ ಎದ್ದು ಹೋಗಲಿಲ್ಲ. ಆ ರಾತ್ರಿ ನನಗೆ ಕಂಬದ ಪಕ್ಕದ ಅಜ್ಜನ ನೆನಪಾಯಿತು. ಅವರು ಕಣ್ಣು ಮುಚ್ಚಿ ಕಾಯುತ್ತಿದ್ದದ್ದು ಯಾತಕ್ಕೆ ಅಂತ ಮೈಗೆ ಅರ್ಥವಾಯಿತು.

ಆಮೇಲೆ ಆ ಹಾಡಿನ ಬಗ್ಗೆ ಓದಿದಾಗ ಅದರ ಕಟ್ಟಡ ಇನ್ನೂ ಸ್ಪಷ್ಟವಾಯಿತು. 1968ರ ಹಾಡು, 7 ನಿಮಿಷಕ್ಕೂ ಸ್ವಲ್ಪ ಜಾಸ್ತಿ ಇದೆ. ಬ್ಯಾಂಡಿನ ಜಾನ್ ಲೆನನ್ ಮತ್ತು ಹೆಂಡತಿ ಸಿಂತಿಯಾ ಬೇರೆಯಾಗುತ್ತಿದ್ದ ಹೊತ್ತಿನಲ್ಲಿ, ಅವರ ಮಗ ಜೂಲಿಯನ್‌ನನ್ನು ಸಮಾಧಾನ ಮಾಡಬೇಕು ಅಂತ ಅದೇ ಬ್ಯಾಂಡಿನ ಪಾಲ್ ಮೆಕಾರ್ಟ್ನಿ ಕಟ್ಟಿದ ಹಾಡು. ಮೊದಲ ಮೂರು ನಿಮಿಷ ಹಳೆಯ ಅಚ್ಚಿನಲ್ಲೇ ಇದೆ, ಕೋರಸ್ ಇಲ್ಲ. ಒಬ್ಬ ಮನುಷ್ಯ ಒಬ್ಬ ಹುಡುಗನಿಗೆ ಧೈರ್ಯ ಹೇಳುತ್ತಿದ್ದಾನೆ. ಇಬ್ಬರ ನಡುವಿನ ಮಾತು. ಅದು ಮುಗಿದ ಮೇಲೆ ಸುಮಾರು ನಾಲ್ಕು ನಿಮಿಷ 'ನ ನ ನ'. ರೆಕಾರ್ಡಿಂಗ್‌ಗೆ ಬಂದಿದ್ದ 36 ಜನರ ಆರ್ಕೆಸ್ಟ್ರಾದವರನ್ನೇ ಚಪ್ಪಾಳೆ ಹಾಕಿ, ಹಾಡಿ ಅಂತ ಕೇಳಿಕೊಂಡರು. ಒಬ್ಬರು ಒಪ್ಪದೆ ಹೊರಟುಹೋದರಂತೆ. ಉಳಿದವರು ಹಾಡಿದರು. ಹಾಡಿನ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಬೇರೆಯವರಿಗೆ ಬಿಟ್ಟುಕೊಟ್ಟಿದ್ದಾರೆ. ಒಬ್ಬನ ಕಿವಿಯಲ್ಲಿ ಹೇಳಿದ ಸಮಾಧಾನದ ಮಾತು ಊರಿನದ್ದಾಗುತ್ತದೆ. ಇದನ್ನು ಯೋಚಿಸಿದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ.

ಬೇರೆಯವರು ಸೇರಿಕೊಳ್ಳಲಿ ಅಂತಲೇ ಕಟ್ಟಿದ ಇನ್ನೊಂದು ಹಾಡು ಕ್ವೀನ್ ಬ್ಯಾಂಡಿನ 'ವಿ ವಿಲ್ ರಾಕ್ ಯು'. 1977ರಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್‌ನ ಬಿಂಗ್ಲಿ ಹಾಲ್‌ನಲ್ಲಿ ಕಾರ್ಯಕ್ರಮ ಮುಗಿದ ಮೇಲೆ ಜನ ಎದ್ದು ಹೋಗದೆ, ಫುಟ್ಬಾಲ್ ಮೈದಾನದಲ್ಲಿ ಹಾಡುವ ಹಾಡೊಂದನ್ನು ಬ್ಯಾಂಡಿಗೇ ಹಾಡಿದರು. ಅದನ್ನು ಕೇಳಿಸಿಕೊಂಡು ಬಂದ ಬ್ಯಾಂಡಿನ ಗಿಟಾರ್ ವಾದಕ ಬ್ರಯಾನ್ ಮೇ ಯೋಚಿಸಿದರು. ಒತ್ತೊತ್ತಾಗಿ ನಿಂತ ಜನ ಏನು ತಾನೇ ಮಾಡಬಲ್ಲರು? ಕಾಲು ಕುಟ್ಟಬಹುದು, ಚಪ್ಪಾಳೆ ತಟ್ಟಬಹುದು, ಹಾಡಬಹುದು. ಎರಡು ಕುಟ್ಟು, ಒಂದು ಚಪ್ಪಾಳೆ. ಹಾಡು ಆಯಿತು. ವಾದ್ಯ ಬೇಕಾದದ್ದು ಕೊನೆಯಲ್ಲಿ ಬರುವ ಗಿಟಾರಿಗೆ ಮಾತ್ರ.

ಅದೇ ಮಾತು, ಬೇರೆ ಅರ್ಥ

ಕೋರಸ್ ಅಂದರೆ ಬರೀ ಪುನರಾವರ್ತನೆ, ಬರೆಯೋಕೆ ಏನೂ ಇಲ್ಲದಾಗ ಹಾಕುವ ತುಂಬು ಅಂತ ಹೇಳುವವರನ್ನು ಕಂಡಿದ್ದೇನೆ. ನನಗೆ ಹಾಗನಿಸುವುದಿಲ್ಲ. ಬಾಬ್ ಡಿಲನ್‌ನ 'ಲೈಕ್ ಎ ರೋಲಿಂಗ್ ಸ್ಟೋನ್' 1965ರದ್ದು, ಆರು ನಿಮಿಷಕ್ಕಿಂತ ಜಾಸ್ತಿ. ಅದರ ಕೋರಸ್ ಒಂದು ಪ್ರಶ್ನೆ. ಈಗ ಹೇಗನಿಸ್ತಿದೆ ನಿನಗೆ? ಒಂದು ಕಾಲಕ್ಕೆ ಮೆರೆದು ಈಗ ಬೀದಿಗೆ ಬಂದ ಹೆಂಗಸನ್ನು ಕೇಳುವ ಪ್ರಶ್ನೆ. ಮೊದಲ ಸಲ ಅದು ಚುಚ್ಚುವ ಮಾತು. ಎರಡನೆಯ ವರ್ಸ್, ಮೂರನೆಯ ವರ್ಸ್ ಮುಗಿದು ಆಕೆ ಇನ್ನೂ ಕೆಳಕ್ಕೆ ಇಳಿದಿದ್ದಾಳೆ ಅಂತ ಗೊತ್ತಾಗುವ ಹೊತ್ತಿಗೆ ಅದೇ ಪ್ರಶ್ನೆಯಲ್ಲಿ ಬೇರೆ ಏನೋ ಕೇಳುತ್ತದೆ. ನನಗೆ ಅದರಲ್ಲಿ ಕರುಣೆ ಕೇಳಿಸುತ್ತದೆ. ಕೊನೆಗೆ ಆ ಪ್ರಶ್ನೆ ನನ್ನನ್ನೇ ಕೇಳಿದ ಹಾಗೆ ಆಗುತ್ತದೆ. ಪದ ಹೆಚ್ಚುಕಡಿಮೆ ಅವೇ. ಹಿಂದಿನ ವರ್ಸ್ ಅದರ ಬಣ್ಣ ಬದಲಿಸುತ್ತದೆ. ಬೆಣ್ಣೆಯಂತೆ ಬಾ ಅನ್ನೋದಕ್ಕೂ ಗೆಜ್ಜೆಯ ದನಿಯೊಂದಿಗೆ ಬಾ ಅನ್ನೋದಕ್ಕೂ 'ಬಾ' ಒಂದೇ ಅಲ್ವಾ? ಆದರೆ ಬರುವ ಲಕ್ಷ್ಮಿ ಪ್ರತಿ ಸಲವೂ ಬೇರೆ ಥರ ಕಾಣುತ್ತಾಳೆ.

ಪಿಂಕ್ ಫ್ಲಾಯ್ಡ್‌ನ 'ಕಂಫರ್ಟಬ್ಲಿ ನಂಬ್' ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. 1979ರದ್ದು. ವರ್ಸ್ ಹಾಡುವವರು ರೋಜರ್ ವಾಟರ್ಸ್, ಕೋರಸ್ ಹಾಡುವವರು ಡೇವಿಡ್ ಗಿಲ್ಮೋರ್. ವರ್ಸ್‌ನಲ್ಲಿ ಮಾತಾಡುವವನು ಡಾಕ್ಟರ್. ಎಲ್ಲಿ ನೋವು ಅಂತ ವಿಚಾರಿಸುತ್ತಾನೆ. ಕೋರಸ್‌ನಲ್ಲಿ ಮಾತಾಡುವವನು ರೋಗಿ. ಅವನಿಗೆ ಡಾಕ್ಟರಿನ ಮಾತು ಕೇಳುತ್ತಲೇ ಇಲ್ಲ. ವರ್ಸ್ ಇರುವುದು ಬಿ ಮೈನರ್ ಸ್ವರಶ್ರೇಣಿಯಲ್ಲಿ, ಕೋರಸ್ ಡಿ ಮೇಜರ್‌ನಲ್ಲಿ. ನನ್ನ ಅಕ್ಕ ಕರ್ನಾಟಕ ಸಂಗೀತ ಕಲಿತವಳು. ಅವಳಿಗೆ ಈ ಹಾಡು ಕೇಳಿಸಿದಾಗ, "ಇದು ಗ್ರಹಭೇದ ಕಣೋ" ಅಂದಳು. ನಠಭೈರವಿಯ ಗಾಂಧಾರವನ್ನು ಷಡ್ಜ ಮಾಡಿಕೊಂಡರೆ ಶಂಕರಾಭರಣ ಸಿಗುತ್ತದೆ. ಸ್ವರಗಳು ಅವೇ, ನಿಂತ ಜಾಗ ಬೇರೆ. ಪೂರ್ತಿ ಹಾಗೇ ಅಲ್ಲ, ಕೋರಸ್‌ನ ನಡುವೆ ಹೊರಗಿನಿಂದ ಬಂದ ಒಂದು ಸಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಇದೆ. ಆದರೂ ಅವಳು ಹೇಳಿದ್ದು ಹಾಡಿನ ಜೀವಾಳ. ಒಂದೇ ಕೋಣೆಯಲ್ಲಿ ಇಬ್ಬರು ಇದ್ದಾರೆ, ಒಬ್ಬ ನಿಂತ ನೆಲ ಇನ್ನೊಬ್ಬನಿಗೆ ಕಾಣುತ್ತಿಲ್ಲ. ವಾಟರ್ಸ್ 2002ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಾನು ತುಂಬ ಹಿಂದೆ ನಿಂತಿದ್ದೆ. ಈ ಹಾಡಿನ ವರ್ಸ್ ನಡೆಯುವಾಗ ನನ್ನ ಸುತ್ತ ಯಾರೂ ಬಾಯಿ ಬಿಡಲಿಲ್ಲ. ಕೋರಸ್ ಬಂತು, ಎಲ್ಲರೂ ಹಾಡಿದರು. ಯಾರ ಮಾತೂ ಕೇಳದ ಒಬ್ಬಂಟಿ ಮನುಷ್ಯನ ಸಾಲುಗಳನ್ನು ಅಷ್ಟೂ ಜನ ಒಟ್ಟಿಗೆ ಹಾಡುತ್ತಿದ್ದರು.

ಬಾರದ ಕೋರಸ್

ಕೋರಸ್ ಇಲ್ಲದೆಯೂ ದೊಡ್ಡ ಹಾಡು ಕಟ್ಟಬಹುದು ಅಂತ ಗೊತ್ತಿದೆ. ಲೆಡ್ ಜೆಪ್ಲಿನ್‌ನ 'ಸ್ಟೇರ್‌ವೇ ಟು ಹೆವನ್' 8 ನಿಮಿಷ, 1971ರದ್ದು. ಡ್ರಮ್ಸ್ ಬರುವುದೇ ನಾಲ್ಕು ನಿಮಿಷ ದಾಟಿದ ಮೇಲೆ. ಹೆಸರಿನ ಸಾಲು ಆಗಾಗ ಬಂದು ಹೋಗುತ್ತದೆ, ಆದರೆ ಎಲ್ಲರೂ ಸೇರಿ ಹಾಡುವ ಕೋರಸ್ ಇಲ್ಲ. 1975ರ 'ಬೊಹೀಮಿಯನ್ ರಾಪ್ಸಡಿ'ಯಲ್ಲಿ ದೊಡ್ಡ ಭಾಗ ಯಾವುದೂ ಹಿಂದಿರುಗಿ ಬರುವುದಿಲ್ಲ. ಅಂಥ ಹಾಡು ಬ್ರಿಟನ್ನಿನಲ್ಲಿ 9 ವಾರ ಮೊದಲ ಸ್ಥಾನದಲ್ಲಿತ್ತು. ಎರಡೂ ನನಗೆ ಇಷ್ಟ. ಆದರೆ ಅವುಗಳನ್ನು ನಾನು ಒಬ್ಬನೇ ಇದ್ದಾಗ ಕೇಳುತ್ತೇನೆ, ಮೊದಲಿಂದ ಕೊನೆಯವರೆಗೆ, ಕಥೆ ಓದಿದ ಹಾಗೆ.

ನನ್ನನ್ನು ಹೆಚ್ಚು ಕಾಡುವುದು ಕೋರಸ್ ಇದ್ದೂ ಬಾರದ ಹಾಡು. ಈಗಲ್ಸ್‌ನ 'ಹೋಟೆಲ್ ಕ್ಯಾಲಿಫೋರ್ನಿಯಾ' ಕೇಳದವರು ಕಡಿಮೆ. 1976ರ ಕೊನೆಗೆ ಅದೇ ಹೆಸರಿನ ಆಲ್ಬಂನಲ್ಲಿ ಬಂದ ಹಾಡು, ಆರೂವರೆ ನಿಮಿಷ. ಇಷ್ಟು ಉದ್ದದ ಹಾಡಿನಲ್ಲಿ ಕೋರಸ್ ಬರುವುದು ಎಷ್ಟು ಸಲ ಅಂತ ಕೇಳಿದರೆ ನಾಲ್ಕು, ಐದು ಅಂತ ಜನ ಹೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಎರಡೇ ಸಲ. ಎರಡು ವರ್ಸ್, ಒಂದು ಕೋರಸ್. ಮತ್ತೆ ಎರಡು ವರ್ಸ್, ಒಂದು ಕೋರಸ್. ಮತ್ತೆ ಎರಡು ವರ್ಸ್. ಈಗ ಹಾಡುವವನು ಬಾಗಿಲು ಹುಡುಕಿ ಓಡುತ್ತಾನೆ, ಕಾವಲುಗಾರ ತಡೆದು ಇಲ್ಲಿಂದ ಹೊರಗೆ ಹೋಗೋಕೆ ಆಗಲ್ಲ ಅನ್ನುತ್ತಾನೆ. ನಮ್ಮ ಕಿವಿ ಮೂರನೆಯ ಕೋರಸ್‌ಗೆ ಕಾಯುತ್ತದೆ. ಆ ಜಾಗದಲ್ಲಿ ಬರುವುದು ಡಾನ್ ಫೆಲ್ಡರ್ ಮತ್ತು ಜೋ ವಾಲ್ಷ್ ಅವರ ಗಿಟಾರ್, ಸುಮಾರು ಎರಡು ನಿಮಿಷ. ಆ ಗಿಟಾರ್ ನಡೆಯುವುದು ವರ್ಸ್‌ನ ಕಾರ್ಡುಗಳ ಮೇಲೆ. ಕೋರಸ್‌ನ ಕಾರ್ಡುಗಳ ಮೇಲೆ ಅಲ್ಲ. ಎಂಟು ಕಾರ್ಡುಗಳ ಅದೇ ಸುತ್ತು, ಮತ್ತೆ ಮತ್ತೆ, ದನಿ ಸಣ್ಣಗಾಗುವವರೆಗೆ. ಹೊರಗೆ ಹೋಗಲಾಗದು ಅಂತ ಕಾವಲುಗಾರ ಹೇಳಿದ್ದನ್ನು ಹಾಡಿನ ಕಟ್ಟಡವೇ ಮಾಡಿ ತೋರಿಸುತ್ತದೆ. ಕೋರಸ್‌ನಲ್ಲಿ ಸಿಗುತ್ತಿದ್ದ ಆ ತೆರಪು ಇನ್ನು ಸಿಗುವುದಿಲ್ಲ. ನಾವೂ ವರ್ಸ್‌ನ ಓಣಿಯಲ್ಲೇ ಸುತ್ತುತ್ತಿರುತ್ತೇವೆ. ಇದನ್ನು ಕಂಡುಕೊಂಡ ದಿನ ನಾನು ಆ ಹಾಡನ್ನು ಆರೇಳು ಸಲ ಕೇಳಿದೆ. ಇಪ್ಪತ್ತು ವರ್ಷ ಕೇಳಿದ ಹಾಡು ಹೊಸದಾಗಿತ್ತು.

ಮತ್ತೆ ಆ ಕ್ಯಾಸೆಟ್

ಈಗ ಜರ್ನಿಯ ಹಾಡಿಗೆ ಬರುತ್ತೇನೆ. ಅದನ್ನು ಕೂತು ಲೆಕ್ಕ ಹಾಕಿದ್ದೇನೆ. ಹಾಡು 4 ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ. ಕೋರಸ್ ಬರುವುದು ಸುಮಾರು 3 ನಿಮಿಷ 20 ಸೆಕೆಂಡಿಗೆ. ಅಲ್ಲಿಯವರೆಗೆ ಹಾಡು ಎರಡು ಸಲ ನಮ್ಮನ್ನು ಮೆಟ್ಟಿಲು ಹತ್ತಿಸುತ್ತದೆ. ಬೀದಿಯ ಜನ, ಬೀದಿ ದೀಪ ಅಂತ ಬರುವ ಆ ಭಾಗದಲ್ಲಿ ದನಿ ಏರುತ್ತ ಹೋಗುತ್ತದೆ. ಈಗ ಬಂತು ಅನಿಸುತ್ತದೆ. ಬರುವುದಿಲ್ಲ. ಮತ್ತೆ ವರ್ಸ್‌ಗೆ ಇಳಿಸುತ್ತದೆ. ಎರಡನೆಯ ಸಲ ಹತ್ತಿಸಿದಾಗಲೂ ಮಾತಿನಲ್ಲಿ ಕೋರಸ್ ಬರುವುದಿಲ್ಲ. ನೀಲ್ ಶಾನ್‌ನ ಗಿಟಾರ್ ಬರುತ್ತದೆ. ಗಿಟಾರ್ ನುಡಿಸುವುದು ಏನನ್ನು ಗೊತ್ತಾ? ಕೋರಸ್‌ನ ಧಾಟಿಯನ್ನೇ. ಪದ ಇಲ್ಲದೆ, ಮುಂಚಿತವಾಗಿ. ಆಮೇಲೆ ಪದ.

ಆ ಪದಗಳೂ ಸುಮ್ನೆ ಬಂದವಲ್ಲ. ಕೀಬೋರ್ಡ್ ನುಡಿಸುವ ಜೊನಾಥನ್ ಕೇನ್ ಲಾಸ್ ಏಂಜಲೀಸ್‌ನಲ್ಲಿ ಕೈ ಖಾಲಿಯಾಗಿ, ಊರಿಗೆ ವಾಪಸ್ ಬರಲಾ ಅಂತ ಅಪ್ಪನಿಗೆ ಫೋನ್ ಮಾಡಿದ್ದರಂತೆ. ಅಪ್ಪ ಹೇಳಿದ ಮಾತು ಅದು, ನಂಬಿಕೆ ಬಿಡಬೇಡ ಅಂತ. ಕೇನ್ ಅದನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದರು. ವರ್ಷಗಳ ನಂತರ ಅದು ಹಾಡಿನ ಕೊನೆಗೆ ಬಂತು. ಇದೇ ಮಾತನ್ನು ಹಾಡಿನ ಮೊದಲ ಸಾಲಿನಲ್ಲಿ ಇಟ್ಟಿದ್ದರೆ? ಹಾಡು ಕೆಡುತ್ತಿರಲಿಲ್ಲ. ಆದರೆ ಬರೀ ಬುದ್ಧಿಮಾತಾಗುತ್ತಿತ್ತು. ಆ ಹುಡುಗಿ, ಆ ಹುಡುಗ, ರೈಲು, ಹೊಗೆ ತುಂಬಿದ ಕೋಣೆ, ಗೆಲ್ಲುವವರು, ಸೋಲುವವರು, ಇಷ್ಟೆಲ್ಲ ನೋಡಿ ಬಂದವರಿಗೆ ಮಾತ್ರ ಆ ಮಾತು ಎದೆಗೆ ತಾಗುತ್ತದೆ. ನನಗೆ ಅದು ಮೂರು ನಿಮಿಷದ ಮೇಲೆ ಇನ್ನೂ ಕೆಲವು ವರ್ಷ ತಡವಾಗಿ ಬಂತು. ಆ ಹೊತ್ತಿಗೆ ನಾನೂ ರಾತ್ರಿ ರೈಲು ಹತ್ತಿ ಊರು ಬಿಟ್ಟು ಬಂದಿದ್ದೆ. ಕಡೂರಿನ ಸ್ಟೇಷನ್ನಿನಲ್ಲಿ ದೊಡ್ಡಪ್ಪ ಕಿಟಕಿಯಿಂದ ನನ್ನ ಕೈಗೆ ಚಕ್ಕುಲಿ ಡಬ್ಬಿ ಕೊಟ್ಟಿದ್ದರು. ಅಕ್ಕಿ ತೊಳೆಯುವ ಪಾತ್ರೆ ಹಿಡಿದು ನಿಂತಾಗ ಗಂಟಲು ಕಟ್ಟಿದ್ದು ಇದಕ್ಕೇ ಇರಬೇಕು.

2007ರಲ್ಲಿ ಅಮೆರಿಕದ ಒಂದು ಹೆಸರಾಂತ ಟಿವಿ ಧಾರಾವಾಹಿ, 'ದ ಸೊಪ್ರಾನೋಸ್', ತನ್ನ ಕೊನೆಯ ದೃಶ್ಯದಲ್ಲಿ ಈ ಹಾಡನ್ನು ಬಳಸಿತು. ಹೋಟೆಲಿನಲ್ಲಿ ಮನೆಯವರೆಲ್ಲ ಬಂದು ಸೇರುತ್ತಿದ್ದಾರೆ, ಹಾಡು ನಡೆಯುತ್ತಿದೆ, ಕೋರಸ್‌ನ ಸಾಲು ಅರ್ಧಕ್ಕೆ ಬಂದಾಗ ಪರದೆ ಕಪ್ಪಾಗುತ್ತದೆ. ದನಿಯೂ ನಿಲ್ಲುತ್ತದೆ. ಅದರ ಅರ್ಥ ಏನು ಅಂತ ಜನ ವರ್ಷಗಟ್ಟಲೆ ಚರ್ಚೆ ಮಾಡಿದರು. ನಾನು ಅದನ್ನು ನೋಡಿದ್ದು ತಡವಾಗಿ, ಲ್ಯಾಪ್‌ಟಾಪಿನಲ್ಲಿ. ಹಾಡು ಕತ್ತರಿಸಿದ ಕ್ಷಣ ನನ್ನ ಕೈ ತಾನಾಗಿ ಮುಂದೆ ಹೋಯಿತು, ಕ್ಯಾಸೆಟ್ ತೆಗೆದು ತಿರುಗಿಸಿ ಹಾಕೋಕೆ.

ಹೋದ ವರ್ಷ ಆ ಸೀನಿಯರ್‌ಗೆ ಫೋನ್ ಮಾಡಿದ್ದೆ. ಈಗ ಹುಬ್ಬಳ್ಳಿಯಲ್ಲಿದ್ದಾರೆ. "ಅಣ್ಣಾ, ಆ ಹಾಡು ಅರ್ಧಕ್ಕೆ ನಿಲ್ಲುತ್ತೆ ಅಂತ ನಿಮಗೆ ಗೊತ್ತಿತ್ತಾ?" ಅಂದೆ. "ಗೊತ್ತಿತ್ತೋ" ಅಂದರು. "ಟೇಪ್‌ನಲ್ಲಿ ಅಷ್ಟೇ ಜಾಗ ಉಳಿದಿತ್ತು. ಬಿಡೋಕೆ ಮನಸ್ಸು ಬರಲಿಲ್ಲ. ಇದ್ದಷ್ಟಾದ್ರೂ ಕೇಳಲಿ ಅಂತ ಹಾಕ್ದೆ."

ಆ ಹಾಡಿನ ಕೋರಸ್ ಈಗ ನನ್ನ ಫೋನಿನಲ್ಲಿ ಪೂರ್ತಿ ಇದೆ. ಬೇಕಾದಾಗ ಬೆರಳಲ್ಲಿ ಜಾರಿಸಿ ನೇರ ಅಲ್ಲಿಗೇ ಹೋಗಬಹುದು. ಹೋಗುವುದಿಲ್ಲ. ಪಿಯಾನೊದಿಂದಲೇ ಕೇಳುತ್ತೇನೆ. ಗಿಟಾರ್ ಬಂದು ಒಂದೆರಡು ಸಾಲು ನುಡಿದಾಗ ನನ್ನ ಕಿವಿ ಇವತ್ತಿಗೂ ಆ 'ಟಕ್'ಗೆ ಕಾಯುತ್ತದೆ. ಒಂದು ಕ್ಷಣ ಉಸಿರು ಹಿಡಿಯುತ್ತೇನೆ. ಆಮೇಲೆ ಗಿಟಾರ್ ಮುಂದೆ ಹೋಗುತ್ತದೆ.